“ಇನಿಷಿಯಲ್ ಕೇಳಿದಿರಾ?”

ವಾರಕ್ಕೊಮ್ಮೆ ನಮ್ಮ ಪತ್ರಿಕೋದ್ಯಮ ತರಗತಿಗೆ ಬರುತ್ತಿದ್ದ ಹಿರಿಯ ವರದಿಗಾರರು ಈಗಿಲ್ಲ. ಕಾಲೇಜಿನ ಕಡತದಲ್ಲಿ ಅವರು ಅತಿಥಿ ಉಪನ್ಯಾಸಕರು, ನಮ್ಮ ಬಾಯಲ್ಲಿ ಸುದ್ದಿ ಮೇಷ್ಟ್ರು. ಈ ಸಂಚಿಕೆಯಲ್ಲಿ ಅವರ ಬಗ್ಗೆ ಬರೆಯದೆ ನನಗೆ ಸಮಾಧಾನವಿಲ್ಲ.

ವೃತ್ತಿಜೀವನವಿಡೀ ಅವರು ಸಣ್ಣ ಊರಿನ ವರದಿಗಾರರಾಗಿಯೇ ಉಳಿದರು. ಆ ಕೆಲಸದ ಬಗ್ಗೆ ಅವರಿಗೆ ಕೀಳರಿಮೆ ಇರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದಾಗ ಅದರಲ್ಲೂ ಊರ ಸುದ್ದಿಗೆ ಜಾಗವಿತ್ತು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ದೊಡ್ಡ ನಗರದಲ್ಲಿ ಬರೆದವರಿಗೂ ಬರೆಸಿಕೊಂಡವರಿಗೂ ಮುಖಪರಿಚಯವೇ ಇರುವುದಿಲ್ಲ. ಸಣ್ಣ ಊರಿನಲ್ಲಿ ಯಾರ ಮೇಲೆ ಬರೆದೆವೋ ಅವರೇ ಮರುದಿನ ಬಸ್ ನಿಲ್ದಾಣದಲ್ಲಿ ಪೇಪರು ಹಿಡಿದುಕೊಂಡು ಎದುರಾಗುತ್ತಾರೆ. “ಅವರ ಮುಖ ನೋಡಿ ಮಾತಾಡೋ ಹಾಗೆ ಬರೀರಿ” ಎನ್ನುತ್ತಿದ್ದರು. ಹೊಗಳಿ ಬರೆಯಿರಿ ಎಂದಲ್ಲ. ತಪ್ಪು ಎತ್ತಿ ತೋರಿಸುವಾಗಲೂ ಪ್ರತಿ ಸಾಲಿಗೂ ಆಧಾರವಿರಲಿ, ಆ ಮನುಷ್ಯನ ಉತ್ತರಕ್ಕೂ ಜಾಗವಿರಲಿ ಎಂದು.

ಹೆಸರಿನ ವಿಷಯದಲ್ಲಂತೂ ಅವರದು ಹಟ. ಕಾಲೇಜಿನ ಕ್ರೀಡಾಕೂಟದ ವರದಿ ಬರೆಸಿದ್ದರು. ಗೆಳತಿಯೊಬ್ಬಳ ವರದಿಯಲ್ಲಿ ಒಂದೇ ಒಂದು ಕೆಂಪು ಸುತ್ತು. ಮೂರನೇ ಸ್ಥಾನ ಬಂದ ಹುಡುಗನ ಹೆಸರಿನಲ್ಲಿ ‘ಶ’ ಇರಬೇಕಾದ ಕಡೆ ‘ಸ’ ಬಿದ್ದಿತ್ತು, ಇನಿಷಿಯಲ್ ಇರಲೇ ಇಲ್ಲ. “ಈ ಹುಡುಗನ ಹೆಸರು ಪೇಪರಿನಲ್ಲಿ ಬರೋದು ಬಹುಶಃ ಇದೊಂದೇ ಸಲ ಕಣಮ್ಮಾ. ಮನೆಯವರು ಕತ್ತರಿಸಿ ಇಟ್ಕೋತಾರೆ. ಹೋಗಿ ಅವನನ್ನೇ ಕೇಳ್ಕೊಂಡು ಬಾ.” ಅವಳು ಮೈದಾನದವರೆಗೆ ಹೋಗಿ ಕೇಳಿ ಬಂದ ಮೇಲೆಯೇ ಪಾಠ ಮುಂದುವರಿಯಿತು. ನಿಧನ ವಾರ್ತೆಗೂ ಇದೇ ಕ್ರಮ. ಫೋನಿನಲ್ಲಿ ಬಂದ ವಿವರವನ್ನು ನಂಬದೆ, ಮನೆಯ ಬಾಗಿಲಿಗೇ ಹೋಗಿ ಮೆಲ್ಲಗೆ ವಿಚಾರಿಸಿ ಬರುತ್ತಿದ್ದರಂತೆ.

ಅವರ ಟಿಪ್ಪಣಿ ಪುಸ್ತಕವನ್ನು ಹತ್ತಿರದಿಂದ ನೋಡಿದ್ದೇನೆ. ಬಲಪುಟದಲ್ಲಿ ಕೇಳಿದ್ದು, ಎಡಪುಟದಲ್ಲಿ ಕಂಡದ್ದು. ಇನ್ನೊಬ್ಬರಿಂದ ಖಾತ್ರಿಯಾದ ಸಂಗತಿಯ ಪಕ್ಕ ಪೆನ್ಸಿಲಿನ ಸಣ್ಣ ರೈಟು. ರೈಟು ಬೀಳದ ಸಾಲು ವರದಿಗೆ ಹೋಗುವಂತಿರಲಿಲ್ಲ.

ಅವರ ಕಾಲದಲ್ಲಿ ಸಾಮಾನ್ಯ ಸುದ್ದಿ ಕವರಿನೊಳಗೆ ಸೇರಿ ಬಸ್ಸು ಹತ್ತುತ್ತಿತ್ತು. ತುರ್ತಾದದ್ದಕ್ಕೆ ತಂತಿ ಅಥವಾ ಟ್ರಂಕ್ ಕಾಲ್. ಕನ್ನಡದ ಸುದ್ದಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಂತಿ ಕಳಿಸಬೇಕಾಗಿ ಬಂದಾಗ ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದರು. ಅವರ ವರದಿಗಳಲ್ಲಿ ‘ವಿಜೃಂಭಣೆಯಿಂದ’ ಎಂಬ ಮಾತೇ ಇಲ್ಲದಿರುವುದಕ್ಕೆ ಈ ಅಭ್ಯಾಸವೇ ಕಾರಣ ಎಂದು ನನ್ನ ಊಹೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದು ಸೆನ್ಸಾರ್ ಶುರುವಾದಾಗ ಎಷ್ಟೋ ಸುದ್ದಿ ಅಚ್ಚಾಗಲಿಲ್ಲ. ಆದರೂ ತಾರೀಖು ಹಾಕಿ ಬರೆದಿಡುವುದನ್ನು ಅವರು ಬಿಡಲಿಲ್ಲ.

ಸಂಬಳದ ವರದಿಗಾರರಾಗಿ ಇದ್ದದ್ದು ಸ್ವಲ್ಪ ಕಾಲ ಮಾತ್ರ. ಉಳಿದಂತೆ ಅಚ್ಚಾದ ಸುದ್ದಿಯನ್ನು ಕತ್ತರಿಸಿ, ಅಂಟಿಸಿ, ಕಾಲಂ ಅಳತೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಅರೆಕಾಲಿಕ ಕೆಲಸ. ಜಾಹೀರಾತು ತರುವ ಒತ್ತಡ ಬೇರೆ. ಬೆಳಿಗ್ಗೆ ಜಾಹೀರಾತು ಕೇಳಿದ ಕಚೇರಿಯ ಲೋಪವನ್ನು ಸಂಜೆ ಬರೆಯುವುದು ಹೇಗೆ? ಅವರು ಜಾಹೀರಾತನ್ನೇ ಬಿಟ್ಟರು, ವರಮಾನವೂ ಹೋಯಿತು. ಊರೂರಿನ ಸುದ್ದಿಯಿಂದ ಓದುಗರನ್ನು ಗಳಿಸಿದ ಪತ್ರಿಕಾರಂಗ ಇಂಥವರಿಗೆ ಇಳಿವಯಸ್ಸಿನ ಭದ್ರತೆ ಕೊಡದೆ ಹೋದದ್ದು ಅನ್ಯಾಯ ಎಂದೇ ನನ್ನ ಭಾವನೆ. ಅವರು ಮಾತ್ರ ಒಂದು ದಿನವೂ ಆ ಮಾತೆತ್ತಲಿಲ್ಲ.

ಅವರ ಟಿಪ್ಪಣಿ ಪುಸ್ತಕಗಳನ್ನು ಮನೆಯವರು ಜೋಪಾನವಾಗಿ ಇಟ್ಟಿದ್ದಾರೆ. ಪುರಸಭೆಯ ಸಭೆಗಳು, ಬರ, ಮುಷ್ಕರ, ಶಾಲೆ ಶುರುವಾದದ್ದು, ಕೆರೆ ಒಡೆದದ್ದು, ಅಚ್ಚಾಗದೇ ಉಳಿದದ್ದು ಎಲ್ಲವೂ ತಾರೀಖಿನ ಸಮೇತ ಅವುಗಳಲ್ಲಿವೆ. ಕಾಗದ ಆಗಲೇ ಹಳದಿಗಟ್ಟಿ ಅಂಚು ಉದುರುತ್ತಿದೆ. ನಮ್ಮ ಕಾಲೇಜಿನ ಗ್ರಂಥಾಲಯ ಅವನ್ನು ಕೇಳಿ ಪಡೆದು, ಸ್ಕ್ಯಾನ್ ಮಾಡಿಸಿ, ಪತ್ರಿಕೋದ್ಯಮದ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಮಾಡಬೇಕೆಂದು ಕೋರುತ್ತೇನೆ. ಖರ್ಚಿನಲ್ಲಿ ಪಾಲು ಕೊಡಲು ನಮ್ಮ ಬ್ಯಾಚಿನವರು ಸಿದ್ಧರಿದ್ದೇವೆ.