ಮಾರಾಟಕ್ಕಿರೋ ನಮ್ಮ ಮನೆ

ನಮ್ಮ ಹಳೇ ಮನೆ ಇನ್ನೂ ಮಾರಾಟವಾಗಿಲ್ಲ. ನೋಡೋಕೆ ಬಂದವರು ಹಾಲ್‌ನಲ್ಲೇ ನಿಂತು, ಗೋಡೆ ಕಡೆ ಕಣ್ಣು ಹಾಯಿಸಿ, "ಆಮೇಲೆ ಫೋನ್ ಮಾಡ್ತೀವಿ" ಅಂತ ಹೊರಟುಬಿಡ್ತಾರೆ. ಅದಕ್ಕೇ ಅಣ್ಣ ನಾನು ಸೇರಿ ಕೆಲಸಕ್ಕೆ ಇಳಿದಿದ್ದೀವಿ.

ಮೊದಲು ಕೈಹಾಕಿದ್ದು ಬಚ್ಚಲುಮನೆ ಪಕ್ಕದ ಗೋಡೆಗೆ. ಬಣ್ಣ ಪದರಪದರವಾಗಿ ಎದ್ದಿತ್ತು, ಉಗುರಲ್ಲಿ ಕೆರೆದರೆ ಒಳಗಿಂದ ಬೆಳ್ಳಗೆ ಉಪ್ಪಿನಂಥ ಪುಡಿ ಉದುರೋದು. ತೇವ ಇರೋ ಗೋಡೆಗೆ ಎಷ್ಟೇ ದುಬಾರಿ ಪೇಂಟ್ ಹೊಡೆದರೂ ಮತ್ತೆ ಉಬ್ಬಿಕೊಳ್ಳುತ್ತೆ. ಸೋರುತ್ತಿದ್ದ ಪೈಪ್ ಜಾಯಿಂಟ್ ಸರಿಮಾಡಿಸಿ, ಹಳೇ ಗಾರೆ ಕೆರೆಸಿ, ಗೋಡೆಯನ್ನ ಒಣಗೋಕೆ ಬಿಟ್ಟಿದ್ದೀವಿ. ಇದಕ್ಕೆ ವಾರಗಟ್ಟಲೆ ಬೇಕು, ಅವಸರ ಮಾಡೋ ಹಾಗಿಲ್ಲ. ಏನಾಗಿತ್ತು, ಏನು ರಿಪೇರಿ ಮಾಡಿಸಿದ್ವಿ ಅನ್ನೋದನ್ನ ಬಂದವರಿಗೆ ಮುಚ್ಚಿಡದೆ ಹೇಳಬೇಕು ಅಂತಲೂ ಮಾತಾಡಿಕೊಂಡಿದ್ದೀವಿ.

ಕಿಟಕಿಗೆ ಅಡ್ಡ ನಿಂತಿದ್ದ ಬೀರು ಸರಿಸಿದ ಮೇಲೆ ರೂಮು ಎಷ್ಟು ಅಗಲ ಕಾಣ್ತಿದೆ ಅಂದ್ರೆ, ಇಲ್ಲೇ ಬೆಳೆದ ನನಗೇ ಆಶ್ಚರ್ಯ! ಮಂದ ಬಲ್ಬು, ಕಿರುಗುಟ್ಟೋ ಬಾಗಿಲು ಎಲ್ಲ ಒಂದೇ ದಿನದ ಕೆಲಸ.

ಕಷ್ಟವಾಗಿದ್ದು ಗೋಡೆ ಮೇಲಿದ್ದ ನಮ್ಮವರ ಫೋಟೋ ಇಳಿಸೋದು. "ಇರಲಿ ಬಿಡೋ, ಅವಿದ್ರೆ ತಾನೇ ಇದು ಮನೆ" ಅಂದ್ರು ಅಮ್ಮ. ನಿಜವೇ. ಆದರೆ ಕೊಳ್ಳೋಕೆ ಬರೋರು ಆ ಗೋಡೆ ಮೇಲೆ ತಮ್ಮವರನ್ನ ಕಲ್ಪಿಸಿಕೊಳ್ಳಬೇಕು. ನಮ್ಮ ನೆನಪಿಗೆ ಅವರು ದುಡ್ಡು ಕೊಡೋದಿಲ್ಲ, ತಮ್ಮ ನಾಳೆಗೆ ಕೊಡ್ತಾರೆ. ಅಮ್ಮನಿಗೆ ಇದನ್ನ ಹೇಳುವಾಗ ನನ್ನ ಗಂಟಲೂ ಕಟ್ಟಿತು.

ಪತ್ರ, ತೆರಿಗೆ ರಸೀದಿ ಎಲ್ಲ ಒಂದೇ ಫೈಲಿಗೆ ಹಾಕಿಟ್ಟಾಯ್ತು. ಗೋಡೆ ಒಣಗಿ ಪೇಂಟ್ ಆಗಲಿ, ಬೆಲೆ ಇಳಿಸೋ ಮಾತು ಆಮೇಲೆ ನೋಡೋಣ.