ಗೋಸ್ತನಿಯ ಕೊನೇ ಭಾಗ

ಅಪ್ಪ ಮೂವತ್ತು ವರ್ಷ ನೀರುಗಂಟಿಯಾಗಿದ್ದವರು, ಅಂದರೆ ನಾಲೆಯ ನೀರನ್ನು ಗದ್ದೆಗಳಿಗೆ ಬಿಡುವವರು. ಕೆ.ಆರ್.ಎಸ್.ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ, ಒಂದು ತೂಬಿನಿಂದ ಇನ್ನೊಂದು ತೂಬಿಗೆ ಸೈಕಲ್ ತುಳಿದುಕೊಂಡೇ ಅವರ ವಯಸ್ಸು ಕಳೆಯಿತು. ನಮ್ಮೂರು ಮಂಡ್ಯ ಜಿಲ್ಲೆಯ ಮದ್ದೂರು ಕಡೆ, ಅಂದರೆ ನಾಲೆಯ ಕೊನೇ ಭಾಗ. ಕೆ.ಆರ್.ಎಸ್. 124.80 ಅಡಿ ತುಂಬಿತು ಅಂತ ಪೇಪರಿನಲ್ಲಿ ಬಂದರೂ ನಮ್ಮ ಕಡೆ ಗದ್ದೆಗಳಿಗೆ ನೀರು ಬರುತ್ತಿದ್ದದ್ದು ಎಲ್ಲರದೂ ಮುಗಿದ ಮೇಲೆ. ಸರದಿಯ ಮೇಲೆ ಬಿಡುವ ಕಟ್ಟು ನೀರು ಬಂದ ರಾತ್ರಿ ಅಪ್ಪ ಟಾರ್ಚ್ ಹಿಡಿದು ಹೋದರೆ ಬೆಳಗಿನ ಜಾವ ಬರುತ್ತಿದ್ದರು. ಅವ್ವ ಕಾಫಿ ಕೊಡುತ್ತಾ ಕೇಳುತ್ತಿದ್ದದ್ದು ಒಂದೇ ಮಾತು. "ಕೊನೇ ಗಂಟ ಹೋಯ್ತಾ?" ಹೋಗಿಲ್ಲ ಅಂದರೆ ಅವತ್ತೆಲ್ಲ ಅಪ್ಪ ಯಾರ ಜೊತೆಗೂ ಜಾಸ್ತಿ ಮಾತಾಡುತ್ತಿರಲಿಲ್ಲ.

ಅಂಥವರು ಸಮುದ್ರ ನೋಡಿರಲಿಲ್ಲ. ಧರ್ಮಸ್ಥಳಕ್ಕೆ ಎಷ್ಟೋ ಸಲ ಹೋಗಿದ್ದಾರೆ, ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಕಳೆದ ಡಿಸೆಂಬರ್ ರಜೆಯಲ್ಲಿ ಎಲ್ಲರೂ ವಿಶಾಖಪಟ್ಟಣಕ್ಕೆ ಹೊರಟೆವು. ಮಗನಿಗೆ ಸಬ್‌ಮರೀನ್ ನೋಡಬೇಕಿತ್ತು, ಅವ್ವನಿಗೆ ಸಿಂಹಾಚಲದ ನರಸಿಂಹ, ನನಗೆ ಅರಕು ಬೆಟ್ಟ. ಅಪ್ಪ ಏನೂ ಕೇಳಲಿಲ್ಲ.

ಮೊದಲ ಸಂಜೆ ರಾಮಕೃಷ್ಣ ಬೀಚಿಗೆ ಹೋದೆವು. ಅಪ್ಪ ಪಂಚೆ ಎತ್ತಿ ಕಟ್ಟಿ ಅಲೆ ಬಂದು ಮುಟ್ಟುವ ಜಾಗದಲ್ಲಿ ನಿಂತರು. ತುಂಬಾ ಹೊತ್ತು ಹಾಗೇ ನಿಂತಿದ್ದರು.

"ಇದುಕ್ಕೆ ತೂಬೇ ಇಲ್ವಲ್ಲ ಕಣವ್ವ" ಅಂದರು. ಆಮೇಲೆ, "ನಮ್ಮ ಕಾವೇರೀನೂ ಇದುಕ್ಕೇ ಬತ್ತದಾ?"

"ಹೂಂ ಅಪ್ಪ, ಇದೇ ಬಂಗಾಳ ಕೊಲ್ಲಿ. ಆದ್ರೆ ಇಲ್ಲಿಗಲ್ಲ. ತಮಿಳುನಾಡಲ್ಲಿ, ಪೂಂಪುಹಾರ್ ಹತ್ರ ಸೇರುತ್ತೆ."

ಈ ಊರಿನ ಬಂದರನ್ನು ಸಮುದ್ರದ ಕೊರೆತದಿಂದ ಉಳಿಸುವ ಕೆಲಸದಲ್ಲಿ ವಿಶ್ವೇಶ್ವರಯ್ಯನವರ ಕೈಯೂ ಇತ್ತು ಅಂತ ನನ್ನ ಗಂಡ ಹೇಳಿದರು. ಅಪ್ಪ ತಿರುಗಿ ಬಂದರಿನ ಕಡೆ, ಡಾಲ್ಫಿನ್ ಮೂಗಿನ ಹಾಗೆ ಚಾಚಿಕೊಂಡ ಆ ಗುಡ್ಡದ ಕಡೆ ನೋಡಿದರು. ನಮ್ಮನೆ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಪೇಟ ಸುತ್ತಿದ ವಿಶ್ವೇಶ್ವರಯ್ಯನವರ ಫೋಟೋ ಇದೆ. ಅಲ್ಲಿಂದಾಚೆಗೆ ಅಪ್ಪನಿಗೆ ಅದು ಪರ ಊರು ಅನ್ನಿಸಲಿಲ್ಲ.

ಮಾರನೇ ದಿನ ಸಬ್‌ಮರೀನ್ ಮತ್ತು ಸಿಂಹಾಚಲ. ಐಎನ್‌ಎಸ್ ಕುರ್ಸುರಾ 1969ರಿಂದ 2001ರವರೆಗೆ ನೌಕಾಪಡೆಯಲ್ಲಿದ್ದು ಈಗ ಬೀಚಿನ ಪಕ್ಕದಲ್ಲೇ ನಿಂತಿದೆ. 91 ಮೀಟರ್ ಉದ್ದ, ಒಳಗೆ ಮಾತ್ರ ಒಬ್ಬರ ಹಿಂದೆ ಒಬ್ಬರು ಬಗ್ಗಿ ಹೋಗುವಷ್ಟೇ ಜಾಗ. ಸಿಂಹಾಚಲದ ಸ್ವಾಮಿ ವರ್ಷವೆಲ್ಲ ಗಂಧದ ಲೇಪನದೊಳಗೇ ಇರುತ್ತಾನೆ. ನಿಜರೂಪ ಕಾಣುವುದು ಅಕ್ಷಯ ತದಿಗೆಯ ದಿನ ಮಾತ್ರ. "ನಮ್ಮ ಮೇಲುಕೋಟೆ ನರಸಿಂಹನಂಗೆ ಇವ್ನೂ ಬೆಟ್ಟ ಹತ್ತಿ ಕುಂತವ್ನೆ" ಅಂತ ಅವ್ವ ಕಣ್ಣು ತುಂಬಿಕೊಂಡಳು.

ಮೂರನೇ ದಿನ ಬೆಳಗ್ಗೆ ಕಿರಂಡೂಲ್ ಕಡೆ ಹೋಗುವ ರೈಲು ಹತ್ತಿದೆವು. ಬೈಲಾಡಿಲದ ಕಬ್ಬಿಣದ ಅದಿರನ್ನು ಬಂದರಿಗೆ ತರಲು ಹಾಕಿದ ದಾರಿ ಅದು. ಸಮುದ್ರದ ಮಟ್ಟದಿಂದ ಹೊರಟ ರೈಲು ಅನಂತಗಿರಿ ಬೆಟ್ಟಗಳನ್ನು ಏರುತ್ತಾ ಹೋಗುತ್ತದೆ. ಒಂದು ಸುರಂಗ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಎಲ್ಲ ಸೇರಿ 58 ಸುರಂಗ. ಮಗ ಎಣಿಸಲು ಶುರು ಮಾಡಿ ಮೂವತ್ತು ದಾಟಿದ ಮೇಲೆ ಲೆಕ್ಕ ತಪ್ಪಿದ. ಅಪ್ಪ ಅವನನ್ನು ಪಕ್ಕಕ್ಕೆ ಎಳೆದುಕೊಂಡು ಹುಲಿಕೆರೆ ಸುರಂಗದ ಕಥೆ ಹೇಳಿದರು. ಗುಡ್ಡ ಕೊರೆದು ಅದರೊಳಗೆ ನಾಲೆ ಹರಿಸಿದ್ದು, ಆ ನೀರಿನಿಂದಲೇ ಮಂಡ್ಯದ ಕಡೆ ಭತ್ತ, ಕಬ್ಬು ಕಂಡದ್ದು. "ಇಲ್ಲಿ ರೈಲು ಹೋಯ್ತದೆ, ಅಲ್ಲಿ ನೀರು ಹೋಯ್ತದೆ, ಅಷ್ಟೆಯ." ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಇದನ್ನು ನಾನು ಮೊದಲೇ ಅವನಿಗೆ ಹೇಳಬೇಕಿತ್ತು.

ಅರಕುವಿನಲ್ಲಿ ಮರದ ನೆರಳಲ್ಲಿ ಬೆಳೆದ ಕಾಫಿ ಗಿಡ ನೋಡಿ, ಕಾಫಿ ಕುಡಿದು, ಕಾರಿನಲ್ಲಿ ಬೊರ್ರಾ ಗುಹೆಗೆ ಇಳಿದೆವು. ದೊಡ್ಡ ಬಾಯಿ, ಒಳಕ್ಕೆ ಮೆಟ್ಟಿಲು. ಸುಣ್ಣದ ಕಲ್ಲಿನಲ್ಲಿ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಮೇಲಿಂದ ಇಳಿಬಿದ್ದ ಕಲ್ಲು, ಕೆಳಗಿಂದ ಎದ್ದ ಕಲ್ಲು. ಮೇಲಿನ ತೂತಿನಿಂದ ಹಸುವೊಂದು ಒಳಗೆ ಬಿದ್ದಿತ್ತಂತೆ. ಅದನ್ನು ಹುಡುಕಿಕೊಂಡು ಬಂದ ದನಗಾಹಿಗೆ ಲಿಂಗ ಕಂಡಿತು ಅಂತ ಅಲ್ಲಿನ ಜನ ಹೇಳುತ್ತಾರೆ. ಗುಹೆಯಿಂದ ಬರುವ ಹೊಳೆಗೆ ಗೋಸ್ತನಿ ಅನ್ನುವ ಹೆಸರು ಬಂದದ್ದೂ ಆ ಹಸುವಿನಿಂದಲೇ.

ಒಂದು ಕಡೆ ಅಪ್ಪ ಅಂಗೈ ಚಾಚಿ ನಿಂತಿದ್ದರು. ಮೇಲಿಂದ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ನಾಲ್ಕೈದು ಹನಿ ಆಗುವವರೆಗೂ ಅವರು ಕೈ ಅಲ್ಲಾಡಿಸಲಿಲ್ಲ.

"ಈ ನೀರು ಎಲ್ಗೆ ಹೋಯ್ತದೆ?"

ಡ್ರೈವರ್‌ನ ಕೇಳಿದೆ. ಭೀಮಿಲಿಯಲ್ಲಿ ಸಮುದ್ರ ಸೇರುತ್ತದೆ ಅಂದ. ನಡುವೆ ತಾಟಿಪೂಡಿಯಲ್ಲಿ ಅಣೆಕಟ್ಟೆ ಇದೆ, ವಿಶಾಖಪಟ್ಟಣಕ್ಕೆ ಕುಡಿಯುವ ನೀರು ಅಲ್ಲಿಂದಲೂ ಬರುತ್ತದೆ ಅಂದ. ಅಪ್ಪ ಒಂದೊಂದು ಮಾತಿಗೂ ತಲೆಯಾಡಿಸಿದರು.

"ಹುಟ್ಟೋ ಜಾಗ ನೋಡಾಯ್ತು. ಸೇರೋ ಜಾಗನೂ ನೋಡ್ಬುಡವ ಕಣವ್ವ."

ಇಡೀ ಪ್ರವಾಸದಲ್ಲಿ ಅಪ್ಪ ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಮಾರನೇ ದಿನ ಕೈಲಾಸಗಿರಿ ರೋಪ್‌ವೇ ಅಂತ ಇಟ್ಟುಕೊಂಡಿದ್ದೆವು. ಅದನ್ನು ಬಿಟ್ಟೆವು.

ಭೀಮಿಲಿಗೆ ಹೋಗುವ ರಸ್ತೆ ಸಮುದ್ರದ ದಡದಲ್ಲೇ ಸಾಗುತ್ತದೆ. ಒಂದು ಪಕ್ಕ ಕೆಂಪು ಗುಡ್ಡ, ಇನ್ನೊಂದು ಪಕ್ಕ ನೀಲಿ ನೀರು. ಡಚ್ಚರು ವ್ಯಾಪಾರಕ್ಕೆ ಬಂದು ನೆಲೆಸಿದ್ದ ಹಳೇ ಊರು ಅದು, ಅವರ ಗೋರಿಗಳು ಈಗಲೂ ಇವೆ. ಅಪ್ಪ ಅದಕ್ಕೆಲ್ಲ ನಿಲ್ಲಲಿಲ್ಲ. ಸೀದಾ ಮರಳಿನ ಮೇಲೆ ನಡೆದರು.

ಹೊಳೆ ಅಗಲವಾಗಿ, ಏನೂ ಅವಸರವಿಲ್ಲದೆ ಬರುತ್ತಿತ್ತು. ಸಮುದ್ರದ ಅಲೆ ಅದನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತಿತ್ತು, ಅದು ಮತ್ತೆ ಮುಂದಕ್ಕೆ ಬರುತ್ತಿತ್ತು. ಅಪ್ಪ ಮೊಣಕಾಲುದ್ದ ನೀರಿಗಿಳಿದು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಇಟ್ಟು ನೋಡಿದರು. ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ ಇನ್ನೊಂದು ಸಲ ನೋಡಿದರು. ನಾಲೆಯ ಏರಿ ಮೇಲೆ ನೀರು ನೋಡುತ್ತಾ ನಿಲ್ಲುತ್ತಿದ್ದ ಹಾಗೇ ಕೈ ಹಿಂದಕ್ಕೆ ಕಟ್ಟಿ ನಿಂತರು.

ದಡದಲ್ಲಿ ದೋಣಿಯ ನೆರಳಿಗೆ ಅವ್ವ ಕೂತಿದ್ದಳು. ಅಪ್ಪ ಅಲ್ಲಿಂದಲೇ ಕೂಗಿದರು.

"ಕೊನೇ ಗಂಟ ಬಂದದೆ ಕಣಮ್ಮಿ!"

ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದು, ಚಪ್ಪಲಿ ಅಲ್ಲೇ ಬಿಟ್ಟು, ನೋಡಲು ಹೋದಳು.