ಇಂಡಿಯಾನಾಪೊಲಿಸ್‌ನಲ್ಲಿ ಕಹಳೆಯ ಜಾಡು ಹಿಡಿದು

ಆಗಸ್ಟ್ ಎರಡನೇ ವಾರದಲ್ಲಿ ಇಂಡಿಯಾನಾಪೊಲಿಸ್‌ಗೆ ಬರುವವರು ಸಾಮಾನ್ಯವಾಗಿ ನೇರ ಲ್ಯೂಕಾಸ್ ಆಯಿಲ್ ಸ್ಟೇಡಿಯಂ ದಾರಿ ಹಿಡಿಯುತ್ತಾರೆ. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಚಾಂಪಿಯನ್‌ಷಿಪ್ ನಡೆಯುವುದು ಅಲ್ಲಿ; ಹಿತ್ತಾಳೆ ವಾದ್ಯ ಊದುತ್ತಾ, ಡ್ರಮ್ ಬಾರಿಸುತ್ತಾ ಮೈದಾನದಲ್ಲಿ ನಡೆದು ಆಕೃತಿ ಬಿಡಿಸುವ ಯುವ ತಂಡಗಳ ಸ್ಪರ್ಧೆ ಅದು. ಗುರುವಾರ ಮೊದಲ ಸುತ್ತು, ಶುಕ್ರವಾರ ಸೆಮಿಫೈನಲ್, ಶನಿವಾರ ರಾತ್ರಿ 12 ತಂಡಗಳ ಫೈನಲ್. ಆದರೆ ಬೆಳಗ್ಗೆ ಬಿಸಿಲೇರುವ ಮುಂಚೆ ಉತ್ತರದ ಕಡೆ ಸುಮಾರು ಅರ್ಧ ಗಂಟೆ ನಡೆದು ಅಮೆರಿಕನ್ ಲೀಜನ್ ಮಾಲ್ ಎಂಬ ಹುಲ್ಲುಹಾಸಿನ ಬಯಲು ನೋಡಿಕೊಂಡು ಬನ್ನಿ. ಸಂಜೆ ಕೇಳುವ ಸದ್ದಿನ ಬೇರು ಅಲ್ಲಿದೆ.

ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು 1919ರಲ್ಲಿ ಕಟ್ಟಿಕೊಂಡ ಸಂಘ ಅಮೆರಿಕನ್ ಲೀಜನ್. ಅದರ ಪ್ರಧಾನ ಕಚೇರಿ ಈ ಹುಲ್ಲುಹಾಸಿನ ಪಕ್ಕದಲ್ಲೇ ಇದೆ. ಊರೂರಿನ ಶಾಖೆಗಳಲ್ಲಿ ಮಾಜಿ ಸೈನಿಕರು ಡ್ರಮ್, ಬ್ಯೂಗಲ್ (ಸೇನೆಯ ಕಹಳೆ) ತಂಡ ಮಾಡಿಕೊಂಡರು, ಆಮೇಲೆ ಮಕ್ಕಳ ತಂಡಗಳಿಗೂ ಆಸರೆಯಾದರು. ಹೀಗಾಗಿ ಒಬ್ಬನ ಇಡೀ ಆಯುಷ್ಯ ಇದರೊಳಗೇ ಕಳೆಯುವ ದಾರಿ ಹುಟ್ಟಿತು: ಬಾಲ್ಯದಲ್ಲಿ ಶಾಖೆಯ ತಂಡ, ಸೇನೆಯಲ್ಲಿ ಕಹಳೆ, ವಾಪಸು ಬಂದ ಮೇಲೆ ವಯಸ್ಸಿನ ಮಿತಿಯಿಲ್ಲದ ಹಿರಿಯರ ತಂಡ, ಕಾಲು ಸೋತಾಗ ಬೋಧಕ, ತೀರ್ಪುಗಾರ, ಬಸ್ಸಿನ ಚಾಲಕ. 1971ರ ಹೊತ್ತಿಗೆ ಕಿರಿಯರ ತಂಡಗಳು ನಿಯಮಗಳನ್ನು ತಾವೇ ಮಾಡಿಕೊಳ್ಳಲು ಹೊರಟು ಬೇರೆ ಸಂಸ್ಥೆ ಕಟ್ಟಿದವು, ಅದೇ ಡ್ರಮ್ ಕೋರ್ ಇಂಟರ್‌ನ್ಯಾಷನಲ್. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಅದರ ಮೊದಲ ಚಾಂಪಿಯನ್‌ಷಿಪ್ ನಡೆಯಿತು.

ಸೇನೆಯ ಬ್ಯೂಗಲ್‌ಗೆ ಸ್ವರ ಬದಲಿಸಲು ಬೆರಳಿನಿಂದ ಒತ್ತುವ ವಾಲ್ವ್ ಇಲ್ಲ. ತುಟಿಯ ಬಿಗಿಯಿಂದಲೇ ಸ್ವರ ಹುಟ್ಟಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮಂದ್ರದ ಪ, ಮೇಲಿನ ಸ, ಗ, ಪ. ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ 'ಟ್ಯಾಪ್ಸ್'ನ 24 ಸ್ವರಗಳೂ ಈ ನಾಲ್ಕು ಸ್ಥಾನಗಳಲ್ಲೇ ಮುಗಿಯುತ್ತವೆ. ಇಷ್ಟರಿಂದ ಶುರುವಾದ ವಾದ್ಯಕ್ಕೆ ಮೊದಲು ಒಂದು ಅಡ್ಡ ವಾಲ್ವ್ ಬಂತು. 1977ರಲ್ಲಿ ಎರಡು ನೆಟ್ಟಗಿನ ವಾಲ್ವ್, 1990ರಲ್ಲಿ ಮೂರು. 2000ದಿಂದ ಜಿ ಶ್ರುತಿಯೇ ಆಗಬೇಕೆಂಬ ಕಟ್ಟಳೆಯೂ ಹೋಯಿತು. ಜಿ ಬ್ಯೂಗಲ್‌ನ ಒರಟು, ಚುರುಕು ನಾದ ಇಂದಿನ ಬಿ ಫ್ಲ್ಯಾಟ್ ವಾದ್ಯಗಳಲ್ಲಿ ಇಲ್ಲ ಎಂದು ಹಳಬರು ಹೇಳಿದರೆ ಅದು ಬರೀ ಹಳೆಯ ಮೋಹವಲ್ಲ. ವಾಷಿಂಗ್ಟನ್‌ಗೆ ಹೋದಾಗ ಇನ್ನೂ ಜಿ ಬ್ಯೂಗಲ್ ಊದುವ ಅಲ್ಲಿನ ಮರೀನ್ ಸೇನೆಯ ತಂಡವನ್ನು ಕೇಳಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಮಧ್ಯಾಹ್ನದ ಮೇಲೆ ಸ್ಟೇಡಿಯಂ ಸುತ್ತಲಿನ ತಾಲೀಮಿನ ಜಾಗಗಳಿಗೆ ಬನ್ನಿ. ಟಿಕೆಟ್ ಬೇಡ, ಕಿವಿಗೆ ಹತ್ತಿ ಬೇಕು. ಸ್ನೇರ್ ಎಂಬ ಚಿಕ್ಕ ಡ್ರಮ್‌ಗಳ ಸಾಲಿನ ಎದುರು ನಿಂತು ಕೋಲುಗಳನ್ನು ನೋಡಿ. ಅವು ಎಷ್ಟು ಎತ್ತರ ಏಳಬೇಕು ಎಂಬುದಕ್ಕೂ 3, 6, 9 ಇಂಚಿನ ಅಳತೆ ಇದೆ. ಒಬ್ಬನ ಕೋಲು ಹೆಚ್ಚು ಎದ್ದರೆ ಅವನ ಪೆಟ್ಟು ಸಾಲಿನಿಂದ ಹೊರಗೆ ಚಾಚುತ್ತದೆ. ಕೂದಲೆಳೆ ತಡವಾದರೂ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಐದು ಬಾಸ್ ಡ್ರಮ್‌ಗಳು ಒಂದೇ ಸ್ವರಸಾಲನ್ನು ಹಂಚಿಕೊಂಡು ಬಾರಿಸುತ್ತವೆ, ಒಬ್ಬೊಬ್ಬರಿಗೆ ಒಂದೊಂದು ಪೆಟ್ಟು. ನಡುವಿನವನು ತಪ್ಪಿದರೆ ಮೆಟ್ಟಿಲು ಮುರಿದ ಹಾಗೆ.

ಹೊರಗಿನ ಸೆಕೆಯಲ್ಲಿ ಶ್ರುತಿ ಮಾಡಿಕೊಂಡ ಹಿತ್ತಾಳೆ ವಾದ್ಯ ಎಸಿಯ ತಂಪಿಗೆ ಹೋದರೆ ಶ್ರುತಿ ಇಳಿಯುತ್ತದೆ, ಶ್ರುತಿ ಹೊಂದಿಸುವ ಜಾರು ಕೊಳವೆಯನ್ನು (ಟ್ಯೂನಿಂಗ್ ಸ್ಲೈಡ್) ಸ್ವಲ್ಪ ಒಳಗೆ ಒತ್ತಬೇಕು. ಅದಕ್ಕಿಂತ ದೊಡ್ಡ ಕಷ್ಟ ಸದ್ದಿನ ವೇಗ. ಮೈದಾನದ ಹಿಂಬದಿಯ ಡ್ರಮ್ಮಿನಿಂದ ಮುಂದಿನ ಗೆರೆಗೆ 40 ಮೀಟರ್ ಎಂದಿಟ್ಟುಕೊಳ್ಳಿ. ಸದ್ದು ಬರಲು ಸುಮಾರು 0.12 ಸೆಕೆಂಡ್ ಬೇಕು. ನಿಮಿಷಕ್ಕೆ 180 ಪೆಟ್ಟಿನ ಲಯದಲ್ಲಿ ಇದು ಒಂದು ಪೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಎಲ್ಲರೂ ಮುಂದಾಳಿನ ಕೈ ನೋಡಿಯೇ ಊದಿದರೆ ಹಿಂದಿನವರ ಸದ್ದು ಪ್ರೇಕ್ಷಕರನ್ನು ತಡವಾಗಿ ಮುಟ್ಟುತ್ತದೆ. ಅದಕ್ಕೇ ಹಿಂದಿನವರು ಲಯ ಹಿಡಿದು, ಮುಂದಿನವರು ಕಿವಿಯನ್ನು ಹಿಂದಕ್ಕೆ ಕೊಟ್ಟು ಅದಕ್ಕೆ ಸೇರಿಸಿ ಊದುತ್ತಾರೆ. ಇದರ ಮೇಲೆ ಹೆಜ್ಜೆಯ ಲೆಕ್ಕ: ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಹೆಜ್ಜೆಗೆ 22.5 ಇಂಚು. ಕಾಂಟ್ರಾ ಎಂಬ ಅತಿ ದೊಡ್ಡ ಹಿತ್ತಾಳೆ ವಾದ್ಯ ಹೊತ್ತವನ ಹೆಗಲ ಮೇಲೆ ಹತ್ತು ಕಿಲೋಗೂ ಮೀರಿದ ಭಾರ ಇರುತ್ತದೆ, ಆದರೂ ಹೆಜ್ಜೆಯಳತೆ ಅದೇ.

ಟಿಕೆಟ್ ಕೊಳ್ಳುವಾಗ ಮೈದಾನದ ನಡುಭಾಗಕ್ಕೆ ನೇರವಾಗಿ, ಮೇಲಿನ ಅಂತಸ್ತಿನಲ್ಲಿ ಸೀಟು ಹುಡುಕಿ. ಕೆಳಗೆ ಕೂತರೆ ಸದ್ದು ಎದೆಗೆ ಬಡಿಯುತ್ತದೆ, ಆದರೆ ಆಕೃತಿಗಳು ಬಿಡಿಸಿಕೊಳ್ಳುವುದು ಕಾಣುವುದಿಲ್ಲ. ಪಾರದರ್ಶಕ ಚೀಲವೇ ಒಯ್ಯಿರಿ.

ಫೈನಲ್ ಮುಗಿದ ಮೇಲೆ ತಂಡಗಳ ಅಡುಗೆ ಟ್ರಕ್ಕಿನ ಹತ್ತಿರ ದಿನದ ನಾಲ್ಕನೇ ಊಟಕ್ಕೆ ಸಾಲು ನಿಲ್ಲುತ್ತದೆ. ತಂಡದಲ್ಲಿ ಆಡುವವರಿಗೆ 21ರ ಸುಮಾರಿಗೆ ವಯಸ್ಸು ಮೀರುತ್ತದೆ. ಬಡಿಸುವ ಕೈಗಳಿಗೆ ಅಂಥ ಮಿತಿಯಿಲ್ಲ. ಅವುಗಳಲ್ಲಿ ಕೆಲವು ಹಿಂದೊಮ್ಮೆ ಒಂದೇ ವಾಲ್ವಿನ ಬ್ಯೂಗಲ್ ಹಿಡಿದಿದ್ದವು.